ಫಿಲ್ಡರ್ ಕೋಸಿಗೆ ಎಂಥ ಜಾಡಿ: ಒಂದು ಮನೆಯ ಪ್ರಕರಣ

ಜರ್ಮನಿಯ ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ ಫಿಲ್ಡರ್ ಎಂಬ ಬಯಲಿದೆ. ಊರಿನ ವಿಮಾನ ನಿಲ್ದಾಣ ಇರುವುದೂ ಅದರ ಮೇಲೆಯೇ. ಸುತ್ತಮುತ್ತ ಇನ್ನೂ ಕೋಸಿನ ಹೊಲಗಳಿವೆ. ಇಲ್ಲಿನ ಕೋಸು ನಮ್ಮ ಮಾರ್ಕೆಟ್ಟಿನ ಕೋಸಿನಂತೆ ಗುಂಡಗಿರುವುದಿಲ್ಲ, ತುದಿ ಚೂಪು. ಎಲೆಯ ನರ ತೆಳು, ರುಚಿ ತುಸು ಸಿಹಿ. ಇದರ ಫಿಲ್ಡರ್‌ಕ್ರೌಟ್ ಎಂಬ ಹೆಸರಿಗೆ 2012ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಅಪ್ಪೆಮಿಡಿಗೆ ಜಿಐ ಸಿಕ್ಕ ಹಾಗೆ. ಅಕ್ಟೋಬರ್ ಬಂತೆಂದರೆ ಪಕ್ಕದ ಲೈನ್‌ಫೆಲ್ಡೆನ್-ಎಖ್ಟರ್‌ಡಿಂಗನ್‌ನಲ್ಲಿ ಕೋಸಿನ ಹಬ್ಬವೇ ನಡೆಯುತ್ತದೆ. ಮಷಿನ್ನಿಗೆ ಒಗ್ಗದ ಆಕಾರ, ಕೈಯಲ್ಲೇ ಕೊಯ್ಯಬೇಕು. ಹಾಗಾಗಿ ದೊಡ್ಡ ಫ್ಯಾಕ್ಟರಿಗಳಿಗೆ ಗುಂಡು ಕೋಸೇ ಇಷ್ಟ. ಚೂಪು ಕೋಸನ್ನು ಹುಡುಕಿಕೊಂಡು ಹೋಗುವವರು ಮನೆಯಲ್ಲಿ ಕೋಸನ್ನು ಉಪ್ಪಿನಲ್ಲಿ ಹುಳಿ ಬರಿಸಿ ಸೌರ್‌ಕ್ರೌಟ್ ಹಾಕುವವರು.

ಈ ಪ್ರಕರಣದ ಮನೆ ಅದೇ ಬಯಲಿನ ಫಿಲ್ಡರ್‌ಶ್ಟಾಟ್‌ನಲ್ಲಿದೆ. ನನ್ನ ಗೆಳತಿ ಮೈಸೂರಿನವಳು, ಗಂಡ ಸಾಗರದ ಕಡೆಯವರು, ಶಾಲೆಗೆ ಹೋಗುವ ಮಗಳು. ಆ ವರ್ಷ ಆರು ತಿಂಗಳಿಗೆಂದು ಅತ್ತೆಯೂ ಬಂದಿದ್ದರು. ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ನೆಲಮಾಳಿಗೆಯಲ್ಲಿ ಒಂದು ಸಣ್ಣ ಕೋಣೆ ಇದೆ, ಇಲ್ಲಿ ಎಲ್ಲರಿಗೂ ಇರುವ ಹಾಗೆ. ಅಡುಗೆಮನೆ ಅಕ್ಟೋಬರಿನಲ್ಲಿ 20 ಡಿಗ್ರಿ, ನೆಲಮಾಳಿಗೆ 13 ಡಿಗ್ರಿ. ಈ ಎರಡು ಅಂಕಿ ಮುಂದೆ ಬೇಕಾಗುತ್ತವೆ.

ಗೆಳತಿಯ ಪ್ರಶ್ನೆ ಸರಳ: "ಕೋಸು ಹುಳಿ ಹಾಕೋಕೆ ಎಂಥ ಜಾಡಿ ತಗೊಳ್ಳಲಿ?" ಅದಕ್ಕೆ ಆ ಮನೆಯಲ್ಲಿ ಆಗಲೇ ಮೂರು ಉತ್ತರ ಇದ್ದವು. ಅತ್ತೆ, ಭರಣಿ ಇರುವಾಗ ದುಡ್ಡು ಯಾಕೆ ಅನ್ನುತ್ತಿದ್ದರು. ಗಂಡ 20 ಲೀಟರಿನದೇ ಇರಲಿ ಅನ್ನುತ್ತಿದ್ದರು, ಯಾಕೆಂದರೆ 10 ಲೀಟರಿನದಕ್ಕೂ 20 ಲೀಟರಿನದಕ್ಕೂ ಬೆಲೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಗೆಳತಿಯ ಕಣ್ಣು, ಬಾಯಿಯ ಸುತ್ತಿನ ಕಾಲುವೆಗೆ ನೀರು ಹಾಕುವ ಮುಚ್ಚಳದ ಹೊಸ ಜಾಡಿಯ ಮೇಲಿತ್ತು. ನೋಡೋಕೆ ಚೆಂದ, ಅದು ಸುಳ್ಳಲ್ಲ.

ಜಾಡಿ ಮಾಡಬೇಕಾದ ಕೆಲಸ ಏನು

ಸೌರ್‌ಕ್ರೌಟ್ ಅಂದರೆ ಕೋಸು ಮತ್ತು ಉಪ್ಪು, ಅಷ್ಟೇ. ಸಣ್ಣಗೆ ಹೆಚ್ಚಿದ ಕೋಸಿಗೆ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಉಪ್ಪು ಹಾಕಿ ಕಿವುಚಿದರೆ ಕೋಸು ತನ್ನ ನೀರು ತಾನೇ ಬಿಡುತ್ತದೆ. ಎಲೆಯ ಮೇಲೆ ಮೊದಲೇ ಇರುವ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಕೆಲಸ ಶುರು ಮಾಡುತ್ತವೆ. ಮೊದಲ ದಿನಗಳಲ್ಲಿ ಲ್ಯೂಕೋನೋಸ್ಟಾಕ್ ಎಂಬ ಬಳಗದ್ದೇ ಕಾರುಬಾರು. ಅವು ಹುಳಿಯ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನ್ನೂ ಜೋರಾಗಿ ಬಿಡುತ್ತವೆ. ಹುಳಿ ಏರಿದಂತೆ ಅವು ಹಿಂದೆ ಸರಿದು, ಹುಳಿ ತಡೆಯಬಲ್ಲ ಲ್ಯಾಕ್ಟೋಬ್ಯಾಸಿಲಸ್ ಜಾತಿಯವು ಮುಂದುವರಿಸುತ್ತವೆ. ಕೊನೆಗೆ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ಕ್ಕಿಂತ ಕೆಳಗೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬದುಕುವುದು ಕಷ್ಟ.

ಇವು ಯಾವುದಕ್ಕೂ ಗಾಳಿ ಬೇಡ. ಗಾಳಿ ಬೇಕಾದವು ಬೇರೆ ಇಬ್ಬರು: ಬೂಷ್ಟು, ಮತ್ತು ಮೇಲೆ ಬಿಳಿ ಪೊರೆ ಕಟ್ಟುವ ಯೀಸ್ಟ್. ಬಿಳಿ ಪೊರೆ ವಿಷವೇನಲ್ಲ. ಆದರೆ ಅದು ಹುಳಿಯನ್ನೇ ತಿನ್ನುತ್ತದೆ. ಹುಳಿ ಕಡಿಮೆಯಾದ ಜಾಗದಲ್ಲಿ ಬೂಷ್ಟು ಬಂದು ಕೂರುತ್ತದೆ, ಕೋಸು ಮೆತ್ತಗಾಗುತ್ತದೆ.

ಹಾಗಾದರೆ ಜಾಡಿ ಮಾಡಬೇಕಾದ್ದು ಇಷ್ಟು. ಕೋಸು ಉಪ್ಪುನೀರಿನ ಅಡಿಯಲ್ಲೇ ಇರಬೇಕು. ಹೊರಗಿನ ಗಾಳಿ ಒಳಗೆ ಬರಬಾರದು. ಒಳಗಿನ ಗ್ಯಾಸು ಹೊರಗೆ ಹೋಗಬೇಕು. ಮೂರರಲ್ಲಿ ಮೊದಲನೆಯದೇ ಮುಖ್ಯ, ಅದನ್ನು ಮಾಡುವುದು ಮುಚ್ಚಳವಲ್ಲ, ಒಳಗಿಡುವ ಭಾರ. ಜನ ಮಾತ್ರ ಮುಚ್ಚಳ ನೋಡಿ ಜಾಡಿ ಕೊಳ್ಳುತ್ತಾರೆ. ಈ ಮನೆಯಲ್ಲಿ ನಾನು ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಮೊದಲು ಎಷ್ಟು ಕೋಸು ಅಂತ ಗೊತ್ತುಮಾಡಿ, ಆಮೇಲೆ ಅದನ್ನು ಒತ್ತಿ ಹಿಡಿಯುವ ಭಾರ ಯಾವುದು ನೋಡಿ, ಮುಚ್ಚಳದ ಮಾತು ಕೊನೆಗೆ.

ಭರಣಿಯ ವಾದ

ಅತ್ತೆಯ ಭರಣಿ ಒಳ್ಳೆಯದೇ. ಮೇಲೆ ಕಂದು, ಕೆಳಗೆ ಕೆನೆ ಬಣ್ಣ, ಮೂರು ಲೀಟರು ಹಿಡಿಯುತ್ತದೆ. ಸೀರೆಗಳ ಮಧ್ಯೆ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು. ಒಳಗಿನ ಗಾಜಿನಂಥ ಮೆರುಗು ಎಲ್ಲೂ ಬಿರುಕು ಬಿಟ್ಟಿರಲಿಲ್ಲ, ಬೆರಳಲ್ಲಿ ಬಡಿದರೆ ಠಣ್ ಎನ್ನುತ್ತಿತ್ತು. ಅವರ ಪ್ರಶ್ನೆ ನ್ಯಾಯವಾದದ್ದು: "ಮಿಡಿ ಇದರಲ್ಲಿ ಎರಡು ವರ್ಷ ಇರುತ್ತೆ. ಕೋಸು ಎರಡು ತಿಂಗಳು ಇರಲ್ವಾ?"

ಮಿಡಿ ಉಳಿಯುವುದು ಮುಖ್ಯವಾಗಿ ಉಪ್ಪಿನ ಬಲದಿಂದ. ಅಲ್ಲಿ ಉಪ್ಪು ಧಾರಾಳ, ಮೇಲೆ ಸಾಸಿವೆ, ಖಾರ. ಅಷ್ಟು ಉಪ್ಪಿರುವಾಗ ಬಾಯಿಗೆ ಬಟ್ಟೆ ಕಟ್ಟಿದರೂ ಸಾಕು, ಗಾಳಿ ಸ್ವಲ್ಪ ಆಡಿದರೂ ನಡೆಯುತ್ತದೆ. ಸೌರ್‌ಕ್ರೌಟ್‌ನಲ್ಲಿ ಉಪ್ಪು ಒಂದು ಪಲ್ಯಕ್ಕಿಂತ ತುಸು ಜಾಸ್ತಿ, ಅಷ್ಟೇ. ಅದನ್ನು ಕಾಯುವುದು ಹುಳಿ. ಹುಳಿ ಏರುವ ತನಕ ಗಾಳಿಯನ್ನು ದೂರ ಇಡಬೇಕು. ಉಪ್ಪು ಜಾಸ್ತಿ ಹಾಕಿಬಿಟ್ಟರೆ ಆಗಲ್ವಾ ಅಂದರು. ಹಾಕಬಹುದು. ಆಗ ಹುಳಿ ಬರಿಸುವ ಬ್ಯಾಕ್ಟೀರಿಯಾವೂ ನಿಧಾನವಾಗುತ್ತವೆ, ಆಗುವುದು ಉಪ್ಪಿನಲ್ಲಿ ಹಾಕಿದ ಕೋಸು, ಸೌರ್‌ಕ್ರೌಟ್ ಅಲ್ಲ.

ಮಾತಿನಲ್ಲಿ ಬಗೆಹರಿಯಲಿಲ್ಲ. ಅತ್ತೆ ಮಾಡಿ ನೋಡುವವರು, ಅದು ನನಗೆ ಇಷ್ಟವಾಯಿತು. ಸೆಪ್ಟೆಂಬರಿನಲ್ಲಿ ಒಂದೂವರೆ ಕಿಲೋ ಗುಂಡು ಕೋಸು ತಂದು, 30 ಗ್ರಾಂ ಉಪ್ಪು ತೂಗಿ ಹಾಕಿ, ಕಿವುಚಿ, ಭರಣಿಗೆ ತುಂಬಿದರು. ಮೇಲೊಂದು ಸಣ್ಣ ತಟ್ಟೆ, ಅದರ ಮೇಲೆ ನೀರು ತುಂಬಿದ ಬಾಟಲಿ. ಬಾಯಿಗೆ ಬಟ್ಟೆ.

ಭರಣಿಯ ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಲ್ಲಿ ಹಿಡಿಸುವ ತಟ್ಟೆ ಹೊಟ್ಟೆಯ ನಡುವೆ ಮಾತ್ರ ಕೂರುತ್ತದೆ, ಸುತ್ತ ಎರಡು ಬೆರಳು ಜಾಗ ಖಾಲಿ. ಎರಡನೇ ದಿನ ಗ್ಯಾಸು ಎದ್ದಾಗ ಕೋಸು ಆ ಸಂದಿಯಿಂದ ಮೇಲೆ ಉಬ್ಬಿ ಬಂತು. ನೀರಿನಿಂದ ಹೊರಗೆ ತಲೆ ಹಾಕಿದ ಆ ಎಳೆಗಳ ಮೇಲೆ ವಾರದೊಳಗೆ ಬಿಳಿ ಪೊರೆ. ಬೂಷ್ಟಿನ್ನೂ ಬಂದಿರಲಿಲ್ಲ. ಪೊರೆ ತೆಗೆದು, ಮೇಲಿನ ಒಂದು ಪದರ ಎಸೆದರು. ಕೆಳಗಿನದು ಚೆನ್ನಾಗಿಯೇ ಇತ್ತು.

ಇಲ್ಲಿ ಅತ್ತೆ ಸುಮ್ನೆ ಕೂರಲಿಲ್ಲ. ಬಾಯಿಯಲ್ಲಿ ಮಡಚಿ ಹೋಗಿ ಒಳಗೆ ಅಗಲವಾಗುವಂಥದ್ದು ಬೇಕು, ಹೌದಲ್ವಾ ಅಂತ ಯೋಚಿಸಿದರು. ಫ್ರೀಜರ್‌ಗೆ ಬಳಸುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಗಿಳಿಸಿ ಅದರೊಳಗೆ ನೀರು ಸುರಿಯೋಣ ಅಂದರು. ನಾನು ಸೇರಿಸಿದ್ದು ಒಂದೇ ಮಾತು: ಬರೀ ನೀರು ಬೇಡ, ಉಪ್ಪುನೀರು ಹಾಕಿ. ಚೀಲ ಸೋರಿದರೂ ಕೋಸಿನ ಉಪ್ಪು ತೆಳುವಾಗಬಾರದು. ಚೀಲ ಹೊಟ್ಟೆಯ ಅಂಚಿನವರೆಗೆ ಹರಡಿ ಕೂತಿತು. ಆಮೇಲೆ ಪೊರೆ ಬರಲಿಲ್ಲ. ಈ ಚೀಲದ ಉಪಾಯ ಹೊಸದಲ್ಲ, ಅಮೆರಿಕದ ಸರ್ಕಾರಿ ಕೃಷಿ ಇಲಾಖೆಯ ಮನೆ ಸಂರಕ್ಷಣೆಯ ಸಲಹೆಯಲ್ಲೂ ಇದೆ. ಅತ್ತೆಗೆ ಅದು ಗೊತ್ತಿರಲಿಲ್ಲ, ಕೈ ಅನುಭವದಿಂದಲೇ ಅಲ್ಲಿಗೆ ಬಂದರು.

ಭರಣಿಯಲ್ಲಿ ಆಗುತ್ತದೆ ಅಂತಾಯಿತು. ಆದರೆ ಮೂರು ಲೀಟರಿನಲ್ಲಿ ಹಿಡಿಯುವುದು ಹೆಚ್ಚೆಂದರೆ ಎರಡು ಕಿಲೋ. ಒಂದು ಫಿಲ್ಡರ್ ಕೋಸೇ ನಾಲ್ಕು ಕಿಲೋ ತೂಗುತ್ತದೆ.

20 ಲೀಟರ್ ಯಾಕೆ ಬೇಡ

ಅಳತೆಗೆ ಒಂದು ಹಳೆಯ ಲೆಕ್ಕ ಇದೆ. ಅಮೆರಿಕದವರು ಐದು ಪೌಂಡ್ ಕೋಸಿಗೆ ಒಂದು ಗ್ಯಾಲನ್ ಜಾಡಿ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ 2.3 ಕಿಲೋಗೆ 3.8 ಲೀಟರು, ಅಂದರೆ 10 ಲೀಟರಿಗೆ ಆರು ಕಿಲೋ. ತೆರೆದ ಜಾಡಿಯಲ್ಲಿ ಉಕ್ಕಿ ಹೊರಗೆ ಚೆಲ್ಲದಿರಲಿ ಅಂತ ಅವರು ಮೇಲೆ ನಾಲ್ಕೈದು ಇಂಚು ಬಿಡುತ್ತಾರೆ. ಜರ್ಮನಿಯಲ್ಲಿ ನೀರಿನ ಮುಚ್ಚಳದ ಜಾಡಿಯನ್ನು ಐದರಲ್ಲಿ ನಾಲ್ಕು ಪಾಲು ತುಂಬುವುದು ರೂಢಿ. ಚೆನ್ನಾಗಿ ಕುಟ್ಟಿ ತುಂಬಿದರೆ 10 ಲೀಟರಿಗೆ ಏಳು ಕಿಲೋ ಹಿಡಿಯುತ್ತದೆ.

ಈಗ ಮನೆಯ ಕಡೆ ನೋಡಿ. ನಾಲ್ಕು ಜನ. ವಾರಕ್ಕೊಮ್ಮೆ, ತಪ್ಪಿದರೆ ಎರಡು ಸಲ ತಿನ್ನುತ್ತಾರೆ. ಏಳು ಕಿಲೋ ಕೋಸು ಚಳಿಗಾಲ ಪೂರ್ತಿ ಸಾಕು. ಗಂಡನ ವಾದ, ದೊಡ್ಡದರಲ್ಲಿ ಸ್ವಲ್ಪ ಹಾಕಿದರಾಯಿತು ಅಂತ. ಅಲ್ಲೇ ತೊಂದರೆ. ಜಾಡಿ ಅಗಲವಾದಷ್ಟೂ ಅಷ್ಟೇ ಉಪ್ಪುನೀರು ತೆಳ್ಳಗೆ ಹರಡುತ್ತದೆ. ಕೋಸನ್ನು ಒತ್ತಿ ಹಿಡಿಯುವ ಕಲ್ಲಿನ ಮೇಲೆ ಮೂರು ಸೆಂಟಿಮೀಟರ್ ನಿಲ್ಲಬೇಕಾದ ನೀರು ಒಂದಕ್ಕೆ ಇಳಿಯುತ್ತದೆ. ಮೇಲೆ ಖಾಲಿ ಜಾಗ ಜಾಸ್ತಿ, ಅಂದರೆ ಹೊರಗೆ ತಳ್ಳಬೇಕಾದ ಗಾಳಿಯೂ ಜಾಸ್ತಿ.

ಇನ್ನೊಂದು ವಿಷಯ ಮೆಟ್ಟಿಲು. ಕೋಸು ಹುಳಿ ಬರಲು ಶುರುವಾಗುವಾಗ ಬೆಚ್ಚಗಿರಬೇಕು, 18ರಿಂದ 20 ಡಿಗ್ರಿ. ಗ್ಯಾಸಿನ ಜೋರು ಇಳಿದ ಮೇಲೆ ತಣ್ಣಗಿದ್ದರೆ ಒಳ್ಳೆಯದು. 24 ಡಿಗ್ರಿ ದಾಟಿದರೆ ಕೋಸು ಮೆತ್ತಗಾಗುವ ಭಯ, 15ಕ್ಕಿಂತ ಕಡಿಮೆಯಾದರೆ ಹುಳಿ ಬರುವುದೇ ಅನುಮಾನ. ಅಂದರೆ ಈ ಮನೆಯಲ್ಲಿ ಜಾಡಿ ಮೊದಲು ಮೂರನೇ ಮಹಡಿಯ ಅಡುಗೆಮನೆಯಲ್ಲಿ ಕೂರಬೇಕು, ಆಮೇಲೆ ನೆಲಮಾಳಿಗೆಗೆ ಇಳಿಯಬೇಕು. 20 ಲೀಟರಿನದು ತುಂಬಿದರೆ 25 ಕಿಲೋ ದಾಟುತ್ತದೆ. ಅದನ್ನು ನೀರು ತುಳುಕದ ಹಾಗೆ ಮೂರು ಮಹಡಿ ಇಳಿಸುವವರು ಯಾರು? ಗಂಡ ಸೊಂಟ ಮುಟ್ಟಿ ನೋಡಿಕೊಂಡರು. 10 ಲೀಟರ್ ಅಂತ ತೀರ್ಮಾನವಾಯಿತು.

ಗಾಜಿನ ಜಾರ್ ಬೇಡವೇ ಅಂತ ಕೇಳಬಹುದು. ಬೇಕಾದರೆ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಇಲ್ಲಿ ಸಿಗುವ ವೆಕ್ ಜಾರುಗಳಲ್ಲಿ ಗಾಜಿನ ಮುಚ್ಚಳ, ರಬ್ಬರ್ ಉಂಗುರ, ಕ್ಲಿಪ್ ಇರುತ್ತವೆ. ಒಳಗಿನ ಒತ್ತಡ ಉಂಗುರವನ್ನು ಸ್ವಲ್ಪ ಎತ್ತಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಒಂದೆರಡು ಕಿಲೋ ಹಾಕುವ ಮನೆಗೆ ನಾನು ಜಾಡಿಯ ಮಾತೇ ಎತ್ತುವುದಿಲ್ಲ, ಗಾಜೇ ಸಾಕು. ಏಳು ಕಿಲೋಗೆ ಜಾರುಗಳ ಸಾಲು ಇಡಬೇಕು, ಪ್ರತಿಯೊಂದರಲ್ಲೂ ಬೇರೆ ಭಾರ, ಬೇರೆ ಉಸಾಬರಿ. ಗೆಳತಿಗೆ ಅದು ಬೇಡವಾಗಿತ್ತು.

ಕೆಳಮನೆಯ ಅಜ್ಜಿ, ಮತ್ತು ನೋಡಿದ ಮೂರು ಜಾಡಿ

ನೆಲಮಹಡಿಯಲ್ಲಿ ಒಬ್ಬ ಶ್ವಾಬಿಯನ್, ಅಂದರೆ ಈ ಸೀಮೆಯದೇ ಅಜ್ಜಿ ಇದ್ದಾರೆ. ಅವರ ತಾಯಿಯ ಕಾಲದಲ್ಲಿ ದೊಡ್ಡ ಕ್ರೌಟ್‌ಶ್ಟಾಂಡೆ ಇತ್ತಂತೆ: ನೆಟ್ಟಗಿನ ಗೋಡೆಯ, ಬಾಯಿ ತೆರೆದ ದೊಡ್ಡ ಪಾತ್ರೆ. ಕೋಸಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಕಲ್ಲು. ವಾರಕ್ಕೊಮ್ಮೆ ಕಲ್ಲು ಎತ್ತಿ, ಹಲಗೆ ತೊಳೆದು, ಬಟ್ಟೆ ಒಗೆದು, ಮೇಲಿನ ಪೊರೆ ತೆಗೆದು ಮತ್ತೆ ಹಾಗೇ ಕಟ್ಟಬೇಕು. "ನೀರಿನ ಮುಚ್ಚಳ ಬಂದಿದ್ದು ಸೋಮಾರಿಗಳಿಗೆ" ಅಂದು ನಕ್ಕರು ಅಜ್ಜಿ. ಅವರ ಮನೆಯಲ್ಲಿ ಈಗ ಇರುವುದೂ ನೀರಿನ ಮುಚ್ಚಳದ್ದೇ!

ತೆರೆದ ಪಾತ್ರೆಯ ಒಳಗುಟ್ಟು ನೆಟ್ಟಗಿನ ಗೋಡೆ. ಬಾಯಿಯಷ್ಟೇ ಅಗಲ ಹೊಟ್ಟೆ, ಹಾಗಾಗಿ ಹಲಗೆ ಅಂಚಿನವರೆಗೆ ಒತ್ತಿ ಕೂರುತ್ತದೆ. ಭರಣಿ ಎಡವಿದ ಜಾಗದಲ್ಲಿ ಅದು ಗೆಲ್ಲುತ್ತದೆ. ಗಾಳಿಯ ವಿಷಯದಲ್ಲಿ ಸೋಲುತ್ತದೆ. ಆ ಸೋಲನ್ನು ವಾರವಾರದ ದುಡಿಮೆಯಿಂದ ತುಂಬಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆ ದುಡಿಮೆ ಎರಡನೇ ವಾರಕ್ಕೇ ನಿಲ್ಲುತ್ತದೆ, ಅದು ಗೆಳತಿಗೂ ಗೊತ್ತಿತ್ತು.

ಹೊಸದು ಕೊಳ್ಳುವ ಮೊದಲು ಹಳೆಯದು ನೋಡೋಣ ಅಂತಾಯಿತು. ಜರ್ಮನಿಯಲ್ಲಿ ಅಜ್ಜ ಅಜ್ಜಿಯರ ನೆಲಮಾಳಿಗೆ ಖಾಲಿ ಮಾಡುವಾಗ ಇಂಥ ಜಾಡಿಗಳು ಹಳೇ ಸಾಮಾನಿನ ಸಂತೆಗೆ ಬರುತ್ತಲೇ ಇರುತ್ತವೆ.

ಮೊದಲು ಸಿಕ್ಕಿದ್ದು ಬೂದು ಮೈಯ ಮೇಲೆ ನೀಲಿ ಬಳ್ಳಿ ಬರೆದ ತೆರೆದ ಜಾಡಿ. ಇಂಥವು ಪಶ್ಚಿಮ ಜರ್ಮನಿಯ ವೆಸ್ಟರ್‌ವಾಲ್ಡ್ ಸೀಮೆಯ ಹೆಸರುವಾಸಿ ಕಸುಬು, ಹ್ಯೋರ್-ಗ್ರೆನ್ಜ್‌ಹೌಸನ್ ಅದರ ಮುಖ್ಯ ಊರು. 1200 ಡಿಗ್ರಿ ದಾಟಿದ ಗೂಡಿನೊಳಗೆ ಅಡುಗೆ ಉಪ್ಪು ಎರಚುತ್ತಾರೆ. ಉಪ್ಪು ಆವಿಯಾಗಿ ಮಣ್ಣಿನ ಮೇಲೆ ಗಾಜಿನ ತೊಗಲಾಗಿ ಕೂರುತ್ತದೆ. ಮುಟ್ಟಿದರೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ. ಈ ಮೆರುಗಿಗೆ ಸೀಸ ಬೇಕಿಲ್ಲ, ಅದು ದೊಡ್ಡ ನೆಮ್ಮದಿ. ಹುಳಿ ಪದಾರ್ಥಕ್ಕೆ ಭಯ ಪಡಬೇಕಾದ್ದು ಕಡಿಮೆ ಶಾಖದಲ್ಲಿ ಸುಟ್ಟ ಮೆತ್ತನೆ ಮಣ್ಣಿನ ಬಣ್ಣಬಣ್ಣದ ಪಾತ್ರೆಗಳಿಗೆ. ಅವುಗಳ ಹಳೆಯ ಮೆರುಗಿನಲ್ಲಿ ಸೀಸ ಇರುವುದುಂಟು, ಹುಳಿ ಅದನ್ನು ಕರಗಿಸಿ ಹೊರತೆಗೆಯುತ್ತದೆ. ಯುರೋಪಿನಲ್ಲಿ 1984ರ ಒಂದು ನಿಯಮದ ಪ್ರಕಾರ ಮೂರು ಲೀಟರಿಗಿಂತ ದೊಡ್ಡ ಸಂಗ್ರಹದ ಪಾತ್ರೆಯಿಂದ ಹೊರಬರುವ ಸೀಸ ಲೀಟರಿಗೆ 1.5 ಮಿಲಿಗ್ರಾಂ ಮೀರುವಂತಿಲ್ಲ. ನೂರಕ್ಕೆ ನಾಲ್ಕು ಪಾಲು ಅಸಿಟಿಕ್ ಆಸಿಡ್ ಇರುವ ನೀರನ್ನು 24 ಗಂಟೆ ತುಂಬಿಟ್ಟು ಅಳೆಯುತ್ತಾರೆ. ಹಳೇ ಸಾಮಾನಿಗೆ ಆ ಪರೀಕ್ಷೆ ಯಾರೂ ಮಾಡಿರುವುದಿಲ್ಲ. ಹಾಗಾಗಿ ಗುರುತಿಲ್ಲದ, ಹಗುರವಾದ, ಚಿತ್ತಾರದ ಮಣ್ಣಿನ ಜಾಡಿಯನ್ನು ಹೂವಿಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಮಾತು.

ಬೂದು ಜಾಡಿಗೆ ಆ ತೊಂದರೆ ಇರಲಿಲ್ಲ. ಬೇರೆ ತೊಂದರೆ ಇತ್ತು. ಗೆಣ್ಣಿನಿಂದ ಬಡಿದರೆ ಠಣ್ ಬರಲಿಲ್ಲ, ಡಬ್ ಅಂತು. ತಿರುಗಿಸಿ ನೋಡಿದರೆ ಹೊರಮೈಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಉಗುರಲ್ಲಿ ಕೆರೆದಾಗ ಪುಡಿ ಉದುರಿತು. ಅದು ಒಣಗಿದ ಉಪ್ಪು. ಒಳಗಿನ ಬಿರುಕಿನಿಂದ ಉಪ್ಪುನೀರು ವರ್ಷಗಟ್ಟಲೆ ಜಿನುಗಿ ಹೊರಗೆ ಬಂದು ಅಲ್ಲಿ ಒಣಗಿ ಕೂತಿತ್ತು. ಅಷ್ಟು ಸಾಕು, ಬೇಡ ಅಂದೆವು. ನೀಲಿ ಬಳ್ಳಿ ಮಾತ್ರ ಚೆಂದ ಇತ್ತು.

ಎರಡನೆಯದು ಕಂದು ಬಣ್ಣದ 10 ಲೀಟರಿನ, ನೀರಿನ ಮುಚ್ಚಳದ ಜಾಡಿ. ಬಾಯಿಯ ಸುತ್ತ ಕಾಲುವೆ, ಮುಚ್ಚಳದ ಅಂಚು ಆ ಕಾಲುವೆಯೊಳಗೆ ಕೂರುತ್ತದೆ. ಕಾಲುವೆಗೆ ನೀರು ಹಾಕಿದರೆ ಒಳಗಿನ ಗ್ಯಾಸು ಗುಳ್ಳೆಯಾಗಿ ಹೊರಗೆ, ಹೊರಗಿನ ಗಾಳಿಗೆ ದಾರಿಯಿಲ್ಲ. ಚೀನಾದ ಸಿಚುವಾನ್ ಕಡೆ ತರಕಾರಿ ಹುಳಿ ಹಾಕುವ ಜಾಡಿಗಳದ್ದೂ ಇದೇ ಉಪಾಯ.

ಮುಚ್ಚಳ ತಿರುಗಿಸಿ ನೋಡಿದ ಗಂಡ, "ಇದು ಎರಡು ಕಡೆ ಒಡೆದಿದೆ" ಅಂತ ಕೆಳಗಿಟ್ಟರು. ಅಂಚಿನಲ್ಲಿ ಎದುರುಬದುರಾಗಿ ಎರಡು ಅರ್ಧ ವೃತ್ತದ ಕಚ್ಚು. ಬೆರಳಾಡಿಸಿದರೆ ಕಚ್ಚಿನೊಳಗೂ ಮೆರುಗು ನುಣ್ಣಗಿತ್ತು. ಒಡೆದಿದ್ದರೆ ಅಲ್ಲಿ ಮಣ್ಣು ಒರಟಾಗಿ ಕಾಣಬೇಕಿತ್ತು. ಅವು ಗ್ಯಾಸು ಹೋಗಲಿ ಅಂತ ಕುಂಬಾರನೇ ಮಾಡಿದ ಕಿಂಡಿಗಳು. ಕಾಲುವೆಯ ನೀರು ಅವನ್ನು ಮುಚ್ಚುವಷ್ಟು ಇದ್ದರೆ ಆಯಿತು. ನೋಡಬೇಕಾದ್ದು ಕಾಲುವೆಯ ಹೊರಗೋಡೆ. ಅಲ್ಲಿ ಸಣ್ಣ ಬಿರುಕಿದ್ದರೂ ರಾತ್ರಿಯಲ್ಲಿ ನೀರು ಇಳಿದು ಬೆಳಿಗ್ಗೆ ಮುಚ್ಚಳ ಬರೀ ಮುಚ್ಚಳವಾಗಿರುತ್ತದೆ. ಕುಡಿಯುವ ಬಾಟಲಿಯಿಂದ ನೀರು ಸುರಿದು, ಸಂತೆ ಇಡೀ ಸುತ್ತಿ ಬಂದು ನೋಡಿದೆವು. ನೀರು ಹಾಗೇ ನಿಂತಿತ್ತು. ಮಾರುವವರು 20 ಯೂರೋ ಕೇಳಿದರು.

ಮೂರನೆಯದು ಅಂಗಡಿಯ ಹೊಸ ಜಾಡಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸದು, ಸರಿಯಾಗಿತ್ತು, ಬೆಲೆ ಹಲವು ಪಟ್ಟು. ಅದಕ್ಕಿದ್ದ ಒಂದೇ ನಿಜವಾದ ಮೇಲುಗೈ ಎಂದರೆ ಜೊತೆಯಲ್ಲೇ ಭಾರದ ಕಲ್ಲು ಬರುತ್ತಿತ್ತು. ಹಳೆಯದರ ಜೊತೆ ಕಲ್ಲಿರಲಿಲ್ಲ.

ಕಲ್ಲು

ಹಳೆಯದನ್ನೇ ತಂದರು. ಒಂದು ರಾತ್ರಿ ನೀರು ತುಂಬಿ ನ್ಯೂಸ್ ಪೇಪರಿನ ಮೇಲಿಟ್ಟರು. ಪೇಪರ್ ಒಣಗೇ ಇತ್ತು. ಮುಂದಿನ ಪ್ರಶ್ನೆ ಕಲ್ಲು.

ಭಾನುವಾರ ಶ್ವಾಬಿಯನ್ ಆಲ್ಬ್ ಬೆಟ್ಟಕ್ಕೆ ನಡೆಯಲು ಹೋದ ಗಂಡ ಒಂದು ಚಪ್ಪಟೆ ಬಿಳಿ ಕಲ್ಲು ಹೊತ್ತು ತಂದರು. ತೊಳೆದು ಕುದಿಸಿಯೂ ಆಗಿತ್ತು. ಅತ್ತೆಗೆ ಬಹಳ ಮೆಚ್ಚಿಗೆ: "ನೋಡು ತಮ್ಮಾ, ದುಡ್ಡಿಲ್ಲದೆ ಆಯ್ತು." ನಾನು ಅದರ ಮೇಲೆ ಸ್ವಲ್ಪ ವಿನಿಗರ್ ಹಾಕಿದೆ. ಬುಸ್ ಅಂತ ನೊರೆ ಎದ್ದಿತು. ಆ ಬೆಟ್ಟಸಾಲು ಪೂರ್ತಿ ಸುಣ್ಣಕಲ್ಲು. ಹುಳಿಯಲ್ಲಿ ಇಟ್ಟರೆ ಕಲ್ಲು ಕರಗುತ್ತದೆ, ಕರಗುತ್ತಾ ಹುಳಿಯನ್ನು ಕೊಲ್ಲುತ್ತದೆ. ಕೋಸನ್ನು ಕಾಯುವುದು ಆ ಹುಳಿಯೇ ತಾನೇ. ನಮ್ಮ ಕಡೆಯ ಗ್ರಾನೈಟ್ ಆಗಿದ್ದರೆ ನಾನು ಮಾತೇ ಆಡುತ್ತಿರಲಿಲ್ಲ.

ಕಲ್ಲನ್ನು ಬೇರೆಯಾಗಿ ಮಾರುತ್ತಾರೆ, ಸುಟ್ಟ ಮಣ್ಣಿನವು, ಎರಡು ಅರ್ಧಚಂದ್ರ. ಎರಡು ತುಂಡು ಯಾಕೆ ಅಂತ ಮಗಳು ಕೇಳಿದಳು. ಈ ಜಾಡಿಗೂ ಭರಣಿಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಂದೇ ಬಿಲ್ಲೆಯಾದರೆ ಒಳಗೆ ಹೋಗುವುದಿಲ್ಲ. ಅರ್ಧ ಅರ್ಧ ಒಳಗಿಳಿಸಿ ಕೆಳಗೆ ಜೋಡಿಸಿದರೆ ಹೊಟ್ಟೆಯಷ್ಟು ಅಗಲದ ಬಿಲ್ಲೆಯಾಗುತ್ತದೆ. ಅತ್ತೆಯ ಪ್ಲಾಸ್ಟಿಕ್ ಚೀಲ ಮಾಡಿದ ಕೆಲಸವನ್ನೇ ಇದು ಮಣ್ಣಿನಲ್ಲಿ ಮಾಡುತ್ತದೆ.

ಆದರೆ ಅಳತೆ ಸರಿಯಿರಬೇಕು. 10 ಲೀಟರ್ ಎಂದು ಬರೆದಿದ್ದರೂ ಒಬ್ಬರ ಜಾಡಿ ಎತ್ತರ, ಇನ್ನೊಬ್ಬರದು ಅಗಲ. ಹೊಟ್ಟೆಯ ಒಳ ಅಗಲ ಅಳೆಯುವುದು ಹೇಗೆ? ಟೇಪು ಬಾಗುತ್ತದೆ, ಸ್ಕೇಲು ಬಾಯಲ್ಲಿ ಹೋಗುವುದಿಲ್ಲ. ಅತ್ತೆ ದೇವರ ಮನೆಯಿಂದ ಎರಡು ಊದುಬತ್ತಿ ಕಡ್ಡಿ ತಂದರು. ಎರಡನ್ನೂ ಜೊತೆಗೆ ಹಿಡಿದು ಒಳಗಿಳಿಸಿ, ಒಂದರ ಮೇಲೊಂದು ಜಾರಿಸಿ ಎರಡೂ ತುದಿ ಗೋಡೆಗೆ ತಾಗುವಂತೆ ಮಾಡಿದರು. ಕೂಡಿದ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ ಹೊರತೆಗೆದು, ಗುರುತಿಗೆ ಗುರುತು ಹೊಂದಿಸಿ ನೆಲದ ಮೇಲಿಟ್ಟು ಅಳೆದರು. 22 ಸೆಂಟಿಮೀಟರ್. ಒಂದು ಸೆಂಟಿಮೀಟರ್ ಕಡಿಮೆಯ ಜೋಡಿ ತರಿಸಿದರು. ಅಂಚಿಗೆ ಸರಿಯಾಗಿ ಅಳತೆ ಮಾಡಿದರೆ ತೆಗೆಯುವಾಗ ಸಿಕ್ಕಿಕೊಳ್ಳುತ್ತದೆ. ಮೆರುಗಿಲ್ಲದ ಕಲ್ಲು ವಾಸನೆ ಹೀರುತ್ತದೆ, ಹಾಗಾಗಿ ಹಾಕುವ ಮೊದಲು ಚೆನ್ನಾಗಿ ಕುದಿಸಿದರು.

ತುಂಬಿದ ಮೇಲೆ

ಎರಡು ಕೋಸು ಸೇರಿ 8.5 ಕಿಲೋ. ಹೊರ ಎಲೆ, ದಿಂಡು ತೆಗೆದ ಮೇಲೆ 6.8 ಕಿಲೋ ಉಳಿಯಿತು. ಉಪ್ಪು 136 ಗ್ರಾಂ, ಕಣ್ಣಳತೆಯಲ್ಲ, ತಕ್ಕಡಿಯಲ್ಲಿ. ಜೊತೆಗೆ ಜುನಿಪರ್ ಎಂಬ ಮಸಾಲೆ ಕಾಳು ಒಂದು ಚಿಟಿಕೆ, ಅಜ್ಜಿಯ ಸಲಹೆ. ಪದರ ಪದರವಾಗಿ ಹಾಕಿ ಮುಷ್ಟಿಯಿಂದ ಒತ್ತಿದರು. ಮೇಲೆ ಎರಡು ಇಡೀ ಎಲೆ ಹಾಸಿ, ಸಣ್ಣ ಎಳೆಗಳು ತೇಲದ ಹಾಗೆ ಅಂಚು ಒಳಗೆ ಮಡಚಿ, ಕಲ್ಲು ಕೂರಿಸಿದರು. ನೀರು ಕಲ್ಲಿನ ಮೇಲೆ ಮೂರು ಸೆಂಟಿಮೀಟರ್ ಬಂದಿತು. ಬರದಿದ್ದರೆ ಲೀಟರಿಗೆ 15 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ಸೇರಿಸಬೇಕಿತ್ತು, ಈ ಸಲ ಬೇಕಾಗಲಿಲ್ಲ.

ಎರಡನೇ ದಿನ ರಾತ್ರಿ ಜಾಡಿ ಮಾತಾಡತೊಡಗಿತು. ಗುಳುಕ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಗುಳುಕ್. ಅತ್ತೆ ಎದ್ದು ಬಂದು ನಲ್ಲಿ ನೋಡಿದರಂತೆ. ಆ ಶಬ್ದವೇ ಎಲ್ಲ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ, ಮುಚ್ಚಳ ತೆಗೆದು ನೋಡುವ ಅಗತ್ಯವಿಲ್ಲ. ನೋಡಲೇಬಾರದು. ತೆಗೆದರೆ ಒಳಗೆ ತುಂಬಿಕೊಂಡ ಕಾರ್ಬನ್ ಡೈಆಕ್ಸೈಡ್ ಹೋಗಿ ಗಾಳಿ ಬರುತ್ತದೆ. ಮೊದಲ ವಾರ ಗಂಡನ ಕೈ ತಡೆಯುವುದೇ ಆ ಮನೆಯ ದೊಡ್ಡ ಕೆಲಸವಾಗಿತ್ತು. ಇನ್ನೊಂದು ಕೆಲಸ ಕಾಲುವೆಗೆ ನೀರು. ಹೀಟರ್ ಹತ್ತಿರ ಇಟ್ಟಿದ್ದರಿಂದ ಅದು ಬೇಗ ಆರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಂದು ಲೋಟ ನೀರು ಹಾಕಿ ಹೋಗುತ್ತಿದ್ದರು.

ಗುಳ್ಳೆಯ ಜೋರು ಇಳಿದ ಮೇಲೆ ಜಾಡಿಯನ್ನು ನೆಲಮಾಳಿಗೆಗೆ ಇಳಿಸಿದರು. ಇಲ್ಲೊಂದು ಸೂಕ್ಷ್ಮ ಇದೆ. 20 ಡಿಗ್ರಿಯಿಂದ 13ಕ್ಕೆ ಇಳಿದಾಗ ಒಳಗಿನ ಗ್ಯಾಸು ಕುಗ್ಗುತ್ತದೆ. ಕುಗ್ಗಿದಾಗ ಕಾಲುವೆಯ ನೀರನ್ನೇ ಒಳಕ್ಕೆ ಎಳೆದುಕೊಳ್ಳಬಹುದು. ಮರುದಿನ ನೋಡಿದರೆ ಕಾಲುವೆಯಲ್ಲಿ ಅರ್ಧ ನೀರು ಇರಲಿಲ್ಲ, ಒಂದೇ ರಾತ್ರಿಯಲ್ಲಿ, ಅದೂ ತಣ್ಣನೆ ಕೋಣೆಯಲ್ಲಿ. ಆರಿದ್ದಲ್ಲ, ಒಳಗೆ ಹೋದದ್ದು. ಇಳಿಸುವ ಮೊದಲು ಕಾಲುವೆಯ ಹಳೆ ನೀರು ಒರೆಸಿ ತೆಗೆದು, ಕುದಿಸಿ ಆರಿಸಿದ ಉಪ್ಪುನೀರು ಹಾಕಿದ್ದರಿಂದ ಚಿಂತೆಯಾಗಲಿಲ್ಲ. ಹಾಗೇ ಬಿಟ್ಟಿದ್ದರೆ ವಾರಗಟ್ಟಲೆ ಧೂಳು ಕೂತ ಲೋಳೆ ನೀರು ಕೋಸಿನ ಮೇಲೆ ಬೀಳುತ್ತಿತ್ತು.

ಡಿಸೆಂಬರಿನಲ್ಲಿ ತೆಗೆದರು. ಪೊರೆ ಇಲ್ಲ, ಬೂಷ್ಟು ಇಲ್ಲ. ಕೋಸು ತಿಳಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು, ಅಗಿದರೆ ಕರುಂ ಅನ್ನುತ್ತಿತ್ತು. ಕೆಳಮನೆಯ ಅಜ್ಜಿ ತಮ್ಮ ಪಾಲನ್ನು ಶುಪ್ಫ್‌ನೂಡೆಲ್ನ್ ಜೊತೆ ಹುರಿದರು. ಅದು ಆಲೂಗಡ್ಡೆ ಹಿಟ್ಟಿನಿಂದ ಬೆರಳುದ್ದ ಹೊಸೆದು ಮಾಡುವ ಇಲ್ಲಿನ ತಿಂಡಿ, ಕೋಸಿನ ಜೊತೆಗೇ ತಿನ್ನುವುದು. ಅತ್ತೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಅನ್ನದ ಜೊತೆ ಬಡಿಸಿದರು. ನನಗೆ ಎರಡನೆಯದು ಜಾಸ್ತಿ ಹಿಡಿಸಿತು, ಪಕ್ಷಪಾತ ಇದ್ದರೂ ಇರಬಹುದು.

ಒಮ್ಮೆ ತೆಗೆದ ಮೇಲೆ ಜಾಡಿಯ ಲೆಕ್ಕ ಬದಲಾಗುತ್ತದೆ. ಹುಳಿ ಬರುವ ಕೆಲಸ ಮುಗಿದಿದೆ, ಹೊಸ ಗ್ಯಾಸು ಹುಟ್ಟುವುದಿಲ್ಲ. ದಿನಾ ಸ್ವಲ್ಪ ತೆಗೆಯುತ್ತಾ ಹೋದರೆ ಖಾಲಿ ಜಾಗದಲ್ಲಿ ತುಂಬುವುದು ಬರೀ ಗಾಳಿ. ನೀರಿನ ಮುಚ್ಚಳ ಆಗ ಒಳಗಿನ ಗಾಳಿಯನ್ನೇ ಕಾಯುತ್ತಾ ಕೂತಿರುತ್ತದೆ. ಭರಣಿಯಲ್ಲಿ ಹಾಕಿದ್ದನ್ನು ಭರಣಿಯಲ್ಲೇ ಇಟ್ಟು ತಿನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಗೆಳತಿ ಎಲ್ಲವನ್ನೂ ಒಂದೇ ದಿನ ಗಾಜಿನ ಜಾರುಗಳಿಗೆ ಒತ್ತಿ ತುಂಬಿ, ಮೇಲೆ ಅದರದೇ ನೀರು ನಿಲ್ಲಿಸಿ, ಫ್ರಿಜ್ಜಿನಲ್ಲಿಟ್ಟಳು. ಜಾಡಿ ತೊಳೆದು ಮುಚ್ಚಳ ತೆಗೆದೇ ಒಣಗಿಸಿದರು. ಒದ್ದೆ ಜಾಡಿಗೆ ಮುಚ್ಚಳ ಹಾಕಿಟ್ಟರೆ ಮುಂದಿನ ವರ್ಷ ಮುಗ್ಗಲು ವಾಸನೆ ಸ್ವಾಗತಿಸುತ್ತದೆ.

ಅತ್ತೆಯ ಭರಣಿಯೂ ಕೆಲಸ ಬಿಡಲಿಲ್ಲ. ಮೂಲಂಗಿ, ಕ್ಯಾರೆಟ್ಟು, ಬೀಟ್‌ರೂಟಿನಂಥ ಸಣ್ಣ ಸಣ್ಣ ಪ್ರಯೋಗಕ್ಕೆ ಅದೇ, ಅದೇ ಉಪ್ಪುನೀರಿನ ಚೀಲದ ಜೊತೆ. ಕೋಸು ಚೆನ್ನಾಗಿ ಬಂದಿದ್ದರಿಂದ ಗಂಡ ಮತ್ತೆ 20 ಲೀಟರಿನ ಮಾತು ತೆಗೆದಿದ್ದಾರೆ. ಮುಂದಿನ ಅಕ್ಟೋಬರಿಗೆ ಜಾಸ್ತಿ ಬೇಕೆನಿಸಿದರೆ ಇನ್ನೊಂದು 10 ಲೀಟರಿನದು ತರಲಿ ಅಂದಿದ್ದೇನೆ. ಒಂದನ್ನು ತೆಗೆದು ತಿನ್ನುವಾಗ ಇನ್ನೊಂದು ಮುಚ್ಚಿಯೇ ಇರುತ್ತದೆ, ಮೆಟ್ಟಿಲು ಇಳಿಸಲೂ ಒಬ್ಬರೇ ಸಾಕು.